ಒಪ್ಪಂದ ನಿರ್ವಹಣಾ ತಂತ್ರಾಂಶಕ್ಕೆ ಪದಸಂಸ್ಕಾರಕ ದಸ್ತಾವೇಜುಗಳ ಆಮದು

ಮೈಕ್ರೋಸಾಫ್ಟ್ ವರ್ಡ್, ಲಿಬ್ರೆಆಫೀಸ್ ರೈಟರ್ ಮುಂತಾದ ಪದಸಂಸ್ಕಾರಕಗಳಲ್ಲಿ ಸಿದ್ಧಪಡಿಸಿದ ಕರಾರುಪತ್ರಗಳನ್ನು ಒಪ್ಪಂದ ನಿರ್ವಹಣಾ ತಂತ್ರಾಂಶದೊಳಗೆ ತಂದು, ಅವುಗಳ ಪಠ್ಯವನ್ನು ಕಲಂಗಳಾಗಿ ವಿಂಗಡಿಸಿ, ಪಕ್ಷಕಾರರ ಹೆಸರು, ಅವಧಿ, ಮೊತ್ತ ಮೊದಲಾದ ವಿವರಗಳನ್ನು ದತ್ತಸಂಚಯಕ್ಕೆ ಸೇರಿಸುವ ಪ್ರಕ್ರಿಯೆಯನ್ನು ಪದಸಂಸ್ಕಾರಕ ದಸ್ತಾವೇಜುಗಳ ಆಮದು ಎನ್ನುತ್ತಾರೆ. ಕಡತವನ್ನು ಹಾಗೆಯೇ ಸಂಗ್ರಹಿಸಿಡುವುದಕ್ಕಿಂತ ಇದು ಭಿನ್ನವಾದುದು. ಸಂಗ್ರಹದಲ್ಲಿ ಕಡತವು ಬದಲಾಗುವುದಿಲ್ಲ. ಆಮದಿನಲ್ಲಿ ಅದನ್ನು ಬಿಡಿಸಿ, ಓದಿ, ಬೇರೊಂದು ರಚನೆಯಲ್ಲಿ ಮತ್ತೆ ಕಟ್ಟಲಾಗುತ್ತದೆ. ಕರಾರಿನ ಅರ್ಥವು ಅಕ್ಷರಗಳಲ್ಲಿ ಮಾತ್ರವಲ್ಲದೆ ಕಲಂ ಸಂಖ್ಯೆ, ಅಡ್ಡ ಉಲ್ಲೇಖ, ತಿದ್ದುಪಡಿಯ ಗುರುತು, ಅಡಿಟಿಪ್ಪಣಿ ಮತ್ತು ಅನುಬಂಧಗಳಲ್ಲಿಯೂ ಇರುತ್ತದೆ. ಇವುಗಳಲ್ಲಿ ಒಂದು ಕಳೆದುಹೋದರೂ ತಂತ್ರಾಂಶದಲ್ಲಿರುವ ಕರಾರು ಬೇರೆ, ಪಕ್ಷಕಾರರು ಒಪ್ಪಿದ ಕರಾರು ಬೇರೆ ಎಂಬ ಸ್ಥಿತಿ ಉಂಟಾಗುತ್ತದೆ.

ಹಿನ್ನೆಲೆ

ಒಪ್ಪಂದ ನಿರ್ವಹಣಾ ತಂತ್ರಾಂಶವು ಕರಾರಿನ ಕರಡು, ಮಾತುಕತೆ, ಅನುಮೋದನೆ, ಸಹಿ, ನವೀಕರಣ ಮತ್ತು ಮುಕ್ತಾಯದ ಹಂತಗಳನ್ನು ಒಂದೇ ಕಡೆ ನಿಭಾಯಿಸುವ ವ್ಯವಸ್ಥೆಯಾಗಿದೆ. ಐಸರ್ಟಿಸ್, ಐರನ್‌ಕ್ಲಾಡ್, ಅಜಿಲಾಫ್ಟ್, ಡಾಕ್ಯುಸೈನ್ ಸಂಸ್ಥೆಯ ಒಪ್ಪಂದ ನಿರ್ವಹಣಾ ಉತ್ಪನ್ನ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಡಾಕ್ಯುಸೈನ್ 2018ರಲ್ಲಿ ಸ್ಪ್ರಿಂಗ್‌ಸಿಎಂ ಎಂಬ ಕಂಪನಿಯನ್ನು ಖರೀದಿಸಿ ಈ ಕ್ಷೇತ್ರವನ್ನು ಪ್ರವೇಶಿಸಿತು.

ಇಂತಹ ತಂತ್ರಾಂಶಗಳು ಬಂದ ನಂತರವೂ ವಕೀಲರು ಕರಾರುಗಳನ್ನು ಬರೆಯುವುದು ಮತ್ತು ತಿದ್ದುವುದು ಬಹುಮಟ್ಟಿಗೆ ವರ್ಡ್‌ನಲ್ಲಿಯೇ. ಎದುರು ಪಕ್ಷದವರು ಬೇರೆ ತಂತ್ರಾಂಶವನ್ನು ಬಳಸುತ್ತಿರಬಹುದು, ಅಥವಾ ಯಾವುದನ್ನೂ ಬಳಸದಿರಬಹುದು. ಇಬ್ಬರಿಗೂ ಸಾಮಾನ್ಯವಾಗಿರುವುದು ವರ್ಡ್ ಕಡತವೊಂದೇ. ಆದ್ದರಿಂದ ಆಮದು ಎರಡು ಸಂದರ್ಭಗಳಲ್ಲಿ ನಡೆಯುತ್ತದೆ. ಸಂಸ್ಥೆಯೊಂದು ತಂತ್ರಾಂಶವನ್ನು ಮೊದಲ ಬಾರಿಗೆ ಅಳವಡಿಸಿಕೊಂಡಾಗ ಹಳೆಯ ಕರಾರುಗಳನ್ನೆಲ್ಲ ಒಟ್ಟಾಗಿ ತರುವುದು ಒಂದು. ನಡೆಯುತ್ತಿರುವ ಮಾತುಕತೆಯಲ್ಲಿ ಎದುರು ಪಕ್ಷದಿಂದ ತಿದ್ದಿ ಬಂದ ಕರಡನ್ನು ಹೊಸ ಆವೃತ್ತಿಯಾಗಿ ಸೇರಿಸುವುದು ಇನ್ನೊಂದು.

ಕರಾರಿನಲ್ಲಿ ಒಂದು ಚಿಹ್ನೆಗೂ ಬೆಲೆಯಿದೆ ಎಂಬುದಕ್ಕೆ ಕೆನಡಾದ ರೋಜರ್ಸ್ ಮತ್ತು ಅಲಿಯಾಂಟ್ ಕಂಪನಿಗಳ ವಿವಾದವನ್ನು ಉದಾಹರಿಸಲಾಗುತ್ತದೆ. ಕೇಬಲ್ ಎಳೆಯಲು ಕಂಬಗಳನ್ನು ಬಳಸುವ ಕುರಿತ ಈ ಒಪ್ಪಂದವನ್ನು ಮೊದಲ ಅವಧಿಯಲ್ಲಿಯೇ ರದ್ದುಪಡಿಸಬಹುದೇ ಎಂಬ ಪ್ರಶ್ನೆಯನ್ನು ಆ ದೇಶದ ದೂರಸಂಪರ್ಕ ನಿಯಂತ್ರಣ ಆಯೋಗವು 2006ರಲ್ಲಿ ಒಂದು ಅಲ್ಪವಿರಾಮದ ಸ್ಥಾನವನ್ನು ಆಧರಿಸಿ ನಿರ್ಧರಿಸಿತು. 2007ರಲ್ಲಿ ಅದೇ ಆಯೋಗವು ಫ್ರೆಂಚ್ ಆವೃತ್ತಿಯನ್ನು ಪರಿಶೀಲಿಸಿ ತನ್ನ ತೀರ್ಮಾನವನ್ನು ಬದಲಿಸಿತು.

ಕಡತ ಸ್ವರೂಪಗಳು

ವರ್ಡ್ 97ರಿಂದ 2003ರವರೆಗಿನ ಆವೃತ್ತಿಗಳ 'ಡಾಕ್' ಕಡತವು ದ್ವಿಮಾನ ಸ್ವರೂಪದ್ದು. ಇದರ ವಿವರಗಳನ್ನು ಮೈಕ್ರೋಸಾಫ್ಟ್ 2008ರಲ್ಲಿ ಸಾರ್ವಜನಿಕವಾಗಿ ಪ್ರಕಟಿಸಿತು. ವರ್ಡ್ 2007ರಿಂದ ಬಳಕೆಗೆ ಬಂದ 'ಡಾಕ್ಸ್' ಸ್ವರೂಪವು ಆಫೀಸ್ ಓಪನ್ ಎಕ್ಸ್‌ಎಂಎಲ್ ಮಾನಕವನ್ನು ಆಧರಿಸಿದೆ. ಈ ಮಾನಕವು 2006ರಲ್ಲಿ ಎಕ್ಮಾ-376 ಎಂದೂ 2008ರಲ್ಲಿ ಐಎಸ್‌ಒ/ಐಇಸಿ 29500 ಎಂದೂ ಅಂಗೀಕೃತವಾಯಿತು. ಲಿಬ್ರೆಆಫೀಸ್ ಬಳಸುವ ಓಪನ್ ಡಾಕ್ಯುಮೆಂಟ್ ಸ್ವರೂಪವು 2006ರಲ್ಲಿ ಐಎಸ್‌ಒ/ಐಇಸಿ 26300 ಮಾನಕವಾಯಿತು. ಹೆಚ್ಚಿನ ಒಪ್ಪಂದ ನಿರ್ವಹಣಾ ತಂತ್ರಾಂಶಗಳು ಡಾಕ್ಸ್ ಕಡತಗಳಿಗಾಗಿಯೇ ರೂಪುಗೊಂಡಿವೆ. ಉಳಿದವುಗಳನ್ನು ಮೊದಲು ಡಾಕ್ಸ್‌ಗೆ ಪರಿವರ್ತಿಸಿಕೊಳ್ಳುವುದು ರೂಢಿ.

ಡಾಕ್ಸ್ ಕಡತವು ವಾಸ್ತವವಾಗಿ ಹಲವು ಎಕ್ಸ್‌ಎಂಎಲ್ ಕಡತಗಳನ್ನು ಒಳಗೊಂಡ ಜಿಪ್ ಗಂಟು. ಮುಖ್ಯ ಪಠ್ಯ ಒಂದು ಕಡತದಲ್ಲಿ, ಶೈಲಿಗಳು ಮತ್ತೊಂದರಲ್ಲಿ, ಕ್ರಮಸಂಖ್ಯೆಯ ನಿಯಮಗಳು ಬೇರೊಂದರಲ್ಲಿ ಇರುತ್ತವೆ. ಅಡಿಟಿಪ್ಪಣಿ, ಪುಟದ ತಲೆಬರಹ, ಅಡಿಬರಹ ಮತ್ತು ಟಿಪ್ಪಣಿಗಳಿಗೆ ತಮ್ಮದೇ ಪ್ರತ್ಯೇಕ ಕಡತಗಳಿವೆ. ಮುಖ್ಯ ಕಡತವನ್ನು ಮಾತ್ರ ಓದುವ ಆಮದು ವಿಧಾನಕ್ಕೆ ಇವು ಕಾಣಿಸುವುದೇ ಇಲ್ಲ. ವಿನಾಯಿತಿಯೊಂದನ್ನು ಅಡಿಟಿಪ್ಪಣಿಯಲ್ಲಿ ಬರೆದಿರುವ ಕರಾರು ಹೀಗೆ ವಿನಾಯಿತಿಯಿಲ್ಲದ ಕರಾರಾಗಿ ದತ್ತಸಂಚಯವನ್ನು ಸೇರಬಹುದು.

ಪಠ್ಯದೊಳಗೂ ಒಂದು ತೊಡಕಿದೆ. ವರ್ಡ್ ಪ್ರತಿಯೊಂದು ಪರಿಚ್ಛೇದವನ್ನು 'ರನ್' ಎಂಬ ಸಣ್ಣ ತುಣುಕುಗಳಾಗಿ ಇಡುತ್ತದೆ. ಅಕ್ಷರಶೈಲಿ ಬದಲಾದಾಗ ಮಾತ್ರವಲ್ಲದೆ ತಿದ್ದುಪಡಿಯ ಅವಧಿ ಬೇರೆಯಾದಾಗ ಅಥವಾ ಕಾಗುಣಿತ ಪರೀಕ್ಷೆಯ ಗುರುತು ಬಂದಾಗಲೂ ಹೊಸ ತುಣುಕು ಆರಂಭವಾಗಬಹುದು. ಪರದೆಯ ಮೇಲೆ ಒಂದೇ ಪದವಾಗಿ ಕಾಣುವುದು ಕಡತದಲ್ಲಿ ಮೂರು ಚೂರುಗಳಾಗಿರುತ್ತದೆ. ಪಕ್ಷಕಾರರ ಹೆಸರನ್ನು ತುಂಬಲು ಪುಷ್ಪಾವರಣದೊಳಗೆ ಬರೆದ ಸ್ಥಾನಸೂಚಕವನ್ನು ತಂತ್ರಾಂಶವು ಗುರುತಿಸದೆ ಹಾಗೆಯೇ ಬಿಟ್ಟರೆ ಅದಕ್ಕೆ ಸಾಮಾನ್ಯ ಕಾರಣ ಇದೇ. ಆ ಸ್ಥಾನಸೂಚಕವನ್ನು ಅಳಿಸಿ ಒಂದೇ ಉಸಿರಿಗೆ ಮತ್ತೆ ಬೆರಳಚ್ಚಿಸುವುದು ಬಳಕೆದಾರರು ಕಂಡುಕೊಂಡಿರುವ ಪರಿಹಾರ.

ಕಲಂ ಸಂಖ್ಯೆ ಮತ್ತು ಅಡ್ಡ ಉಲ್ಲೇಖ

ವರ್ಡ್‌ನ ಸ್ವಯಂಚಾಲಿತ ಕ್ರಮಸಂಖ್ಯೆಯು ಪಠ್ಯದ ಭಾಗವಲ್ಲ. '7.2' ಎಂದು ತೋರುವ ಕಲಂನ ಎಕ್ಸ್‌ಎಂಎಲ್‌ನಲ್ಲಿ ಏಳು ಎಂಬ ಅಂಕಿಯಾಗಲಿ ಎರಡು ಎಂಬ ಅಂಕಿಯಾಗಲಿ ಇರುವುದಿಲ್ಲ. ಯಾವ ಪಟ್ಟಿಗೆ ಸೇರಿದೆ, ಎಷ್ಟನೆಯ ಹಂತದಲ್ಲಿದೆ ಎಂಬ ಸೂಚನೆ ಮಾತ್ರ ಇರುತ್ತದೆ. ಸಂಖ್ಯೆಯನ್ನು ವರ್ಡ್ ಪ್ರತಿ ಬಾರಿ ಕಡತ ತೆರೆದಾಗಲೂ ಲೆಕ್ಕ ಹಾಕುತ್ತದೆ. ಪಠ್ಯವನ್ನಷ್ಟೇ ಹೊರತೆಗೆಯುವ ಸಾಧನವು ಸಂಖ್ಯೆಗಳನ್ನು ಕಳೆದುಕೊಳ್ಳುತ್ತದೆ. ಆಗ "ಕಲಂ 7.2ರಲ್ಲಿ ಹೇಳಿರುವುದನ್ನು ಹೊರತುಪಡಿಸಿ" ಎಂಬ ವಾಕ್ಯ ಉಳಿಯುತ್ತದೆ, 7.2 ಎಂಬ ಕಲಂ ಇರುವುದಿಲ್ಲ. ಕೆಲವು ತಂತ್ರಾಂಶಗಳು ಸಂಖ್ಯೆಗಳನ್ನು ತಾವೇ ಮತ್ತೆ ಲೆಕ್ಕ ಹಾಕುತ್ತವೆ. ನಡುವೆ ಒಂದು ಪಟ್ಟಿಯನ್ನು ಹೊಸದಾಗಿ ಒಂದರಿಂದ ಆರಂಭಿಸಿದ ಸೂಚನೆಯನ್ನು ಅವು ತಪ್ಪಾಗಿ ಓದಿದರೆ ಅಲ್ಲಿಂದ ಮುಂದಿನ ಎಲ್ಲ ಕಲಂಗಳ ಸಂಖ್ಯೆಯೂ ಸರಿಯುತ್ತದೆ. ಸಂಖ್ಯೆ ಇಲ್ಲದಿರುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ತಪ್ಪು ಮೇಲ್ನೋಟಕ್ಕೆ ಕಾಣುವುದಿಲ್ಲ.

ಅಡ್ಡ ಉಲ್ಲೇಖಗಳದ್ದು ಇದಕ್ಕೆ ವಿರುದ್ಧವಾದ ಸಮಸ್ಯೆ. ಇವುಗಳನ್ನು ವರ್ಡ್ 'ಫೀಲ್ಡ್'ಗಳಾಗಿ ಇಡುತ್ತದೆ. ಜೊತೆಗೆ ಕಳೆದ ಬಾರಿ ಲೆಕ್ಕ ಹಾಕಿದ ಉತ್ತರವನ್ನೂ ಸಂಗ್ರಹಿಸಿರುತ್ತದೆ. ಹೊಸ ಕಲಂ ಸೇರಿಸಿದ ನಂತರ ಫೀಲ್ಡ್‌ಗಳನ್ನು ನವೀಕರಿಸದೆ ಕಡತವನ್ನು ಉಳಿಸಿದ್ದರೆ ಹಳೆಯ ಉತ್ತರವೇ ಆಮದಾಗುತ್ತದೆ. ಉಲ್ಲೇಖಿತ ಕಲಂ ಅಳಿಸಿಹೋಗಿದ್ದರೆ 'ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್' ಎಂಬ ಸಂದೇಶವೇ ಕರಾರಿನ ಪಠ್ಯವಾಗಿ ಉಳಿಯುವುದೂ ಉಂಟು. ಸಹಿಯಾದ ಕರಾರುಗಳಲ್ಲಿಯೂ ಈ ವಾಕ್ಯ ಕಾಣಸಿಗುತ್ತದೆ.

ತಿದ್ದುಪಡಿ ಗುರುತುಗಳು

'ಟ್ರ್ಯಾಕ್ ಚೇಂಜಸ್' ಸೌಲಭ್ಯವನ್ನು ಬಳಸಿ ತಿದ್ದಿದ ಕರಡಿನಲ್ಲಿ ಸೇರಿಸಿದ ಪದಗಳೂ ಅಳಿಸಿದ ಪದಗಳೂ ಒಟ್ಟಿಗೆ ಇರುತ್ತವೆ. ಯಾರು, ಯಾವಾಗ ತಿದ್ದಿದರು ಎಂಬ ವಿವರವೂ ಇರುತ್ತದೆ. ಆಮದು ಮಾಡುವ ಸಾಧನವು ಇವುಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆ ಕರಾರಿನ ಅರ್ಥವೇ ನಿಂತಿರುತ್ತದೆ.

ಉದಾಹರಣೆಗೆ, "ಬಿಲ್ಲು ತಲುಪಿದ 30 ದಿನಗಳೊಳಗೆ ಹಣ ಪಾವತಿಸತಕ್ಕದ್ದು" ಎಂಬ ವಾಕ್ಯದಲ್ಲಿ 30 ಎಂಬುದನ್ನು ಅಳಿಸಿ 45 ಎಂದು ಸೇರಿಸಲಾಗಿದೆ, ಆದರೆ ಇನ್ನೂ ಯಾರೂ ಒಪ್ಪಿಲ್ಲ ಎಂದಿಟ್ಟುಕೊಳ್ಳಬಹುದು. ಪ್ಯಾನ್‌ಡಾಕ್ ಎಂಬ ಮುಕ್ತ ಪರಿವರ್ತಕವು ಬೇರೆ ಸೂಚನೆ ಕೊಡದಿದ್ದರೆ ಎಲ್ಲ ತಿದ್ದುಪಡಿಗಳನ್ನೂ ಒಪ್ಪಿಕೊಂಡಂತೆ ಭಾವಿಸುತ್ತದೆ. ಅದರ ಫಲಿತಾಂಶದಲ್ಲಿ 45 ದಿನ ಎಂದಿರುತ್ತದೆ. ಪೈಥಾನ್-ಡಾಕ್ಸ್ ಎಂಬ ಲೈಬ್ರರಿಯಲ್ಲಿ ಪರಿಚ್ಛೇದದ ಪಠ್ಯವನ್ನು ನೇರವಾಗಿ ಕೇಳಿದರೆ ತಿದ್ದುಪಡಿ ಗುರುತಿನೊಳಗಿನ ತುಣುಕುಗಳು ಲೆಕ್ಕಕ್ಕೆ ಬರುವುದಿಲ್ಲ. ಅಳಿಸಿದ್ದೂ ಇಲ್ಲ, ಸೇರಿಸಿದ್ದೂ ಇಲ್ಲ. "ಬಿಲ್ಲು ತಲುಪಿದ ದಿನಗಳೊಳಗೆ" ಎಂದು ಅಂಕಿಯೇ ಇಲ್ಲದ ವಾಕ್ಯ ಉಳಿಯುತ್ತದೆ. ಅಳಿಸಿದ ಪಠ್ಯವನ್ನೂ ಸೇರಿಸಿದ ಪಠ್ಯವನ್ನೂ ಗುರುತಿಲ್ಲದೆ ಒಟ್ಟಿಗೆ ಹೊರತೆಗೆಯುವ ಸಾಧನದಲ್ಲಿ 3045 ದಿನ ಎಂದಾಗುತ್ತದೆ. ಮೂರೂ ಸಂದರ್ಭಗಳಲ್ಲಿ ಮೂಲ ಕಡತ ಒಂದೇ.

ಈ ಕಾರಣದಿಂದ ಉತ್ತಮ ತಂತ್ರಾಂಶಗಳು ಬಗೆಹರಿಯದ ತಿದ್ದುಪಡಿಯಿರುವ ಕಡತವನ್ನು ಮೌನವಾಗಿ ಸ್ವೀಕರಿಸದೆ ಬಳಕೆದಾರರನ್ನು ಎಚ್ಚರಿಸುತ್ತವೆ, ಇಲ್ಲವೇ ಗುರುತುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಎದುರು ಪಕ್ಷದವರು ಟ್ರ್ಯಾಕ್ ಚೇಂಜಸ್ ಅನ್ನು ಸ್ಥಗಿತಗೊಳಿಸಿ, ಒಂದು ಪದವನ್ನು ಬದಲಿಸಿ, ಮತ್ತೆ ಚಾಲನೆಗೊಳಿಸಿದರೆ ಆ ಬದಲಾವಣೆಗೆ ಯಾವ ಗುರುತೂ ಇರುವುದಿಲ್ಲ. ಗುರುತುಗಳನ್ನು ನಂಬಿ ಓದುವ ವಕೀಲರ ಕಣ್ಣಿಗೆ ಅದು ಬೀಳುವುದಿಲ್ಲ. ಹಿಂದಿರುಗಿ ಬಂದ ಕಡತವನ್ನು ತಾನು ಕಳುಹಿಸಿದ ಆವೃತ್ತಿಯೊಂದಿಗೆ ಪದಪದವಾಗಿ ಹೋಲಿಸುವುದು ಇದಕ್ಕಿರುವ ನಂಬಲರ್ಹ ಉಪಾಯ. ಒಪ್ಪಂದ ನಿರ್ವಹಣಾ ತಂತ್ರಾಂಶದ ಬಳಿ ಹಿಂದಿನ ಆವೃತ್ತಿ ಯಾವಾಗಲೂ ಇರುವುದರಿಂದ ಈ ಹೋಲಿಕೆಯನ್ನು ಅದು ಪ್ರತಿ ಆಮದಿನಲ್ಲೂ ತಾನಾಗಿಯೇ ಮಾಡಬಲ್ಲದು. ಆಮದು ಸೌಲಭ್ಯದ ನಿಜವಾದ ಉಪಯೋಗಗಳಲ್ಲಿ ಇದು ಮುಖ್ಯವಾದುದು.

ಅಡಗಿರುವ ಮಾಹಿತಿ

ಕಡತದಲ್ಲಿ ಕಾಣದಿರುವುದು ಆಮದಿನ ನಂತರ ಕಾಣಿಸಿಕೊಳ್ಳಬಹುದು. ಅಮೆರಿಕದ ಎಸ್‌ಸಿಒ ಗ್ರೂಪ್ 2004ರಲ್ಲಿ ಡೈಮ್ಲರ್‌ಕ್ರೈಸ್ಲರ್ ವಿರುದ್ಧ ಹೂಡಿದ ದಾವೆಯ ವರ್ಡ್ ಕಡತದಲ್ಲಿ, ಪ್ರತಿವಾದಿಯ ಸ್ಥಾನದಲ್ಲಿ ಮೊದಲು ಬ್ಯಾಂಕ್ ಆಫ್ ಅಮೆರಿಕದ ಹೆಸರಿತ್ತೆಂಬುದು ಅಳಿಸಿದ ಪಠ್ಯದಿಂದ ಬಯಲಾಯಿತು. ಬ್ರಿಟಿಷ್ ಸರ್ಕಾರವು 2003ರ ಫೆಬ್ರವರಿಯಲ್ಲಿ ಇರಾಕ್ ಕುರಿತು ಪ್ರಕಟಿಸಿದ ವರ್ಡ್ ದಸ್ತಾವೇಜಿನಲ್ಲಿ ಅದನ್ನು ತಿದ್ದಿ ಉಳಿಸಿದವರ ಹೆಸರುಗಳು ಉಳಿದುಕೊಂಡಿದ್ದವು.

ಸ್ವರೂಪ ಬದಲಾವಣೆಯಿಂದ ಕರಾರುಗಳೇ ಹೆಚ್ಚಾದ ಪ್ರಸಂಗ 2008ರದ್ದು. ಲೇಮನ್ ಬ್ರದರ್ಸ್ ದಿವಾಳಿಯಾದ ನಂತರ ಅದರ ಆಸ್ತಿಗಳನ್ನು ಕೊಳ್ಳಲು ಬಾರ್ಕ್ಲೇಸ್ ಬ್ಯಾಂಕ್ ಸಿದ್ಧಪಡಿಸಿದ ಎಕ್ಸೆಲ್ ಪಟ್ಟಿಯಲ್ಲಿ, ಬೇಡವೆಂದು ಬಿಟ್ಟಿದ್ದ 179 ಕರಾರುಗಳ ಸಾಲುಗಳು ಅಡಗಿದ್ದವು. ನ್ಯಾಯಾಲಯಕ್ಕೆ ಸಲ್ಲಿಸಲು ಪಟ್ಟಿಯನ್ನು ರಾತ್ರೋರಾತ್ರಿ ಪಿಡಿಎಫ್ ಆಗಿಸುವಾಗ ಆ ಸಾಲುಗಳು ತೆರೆದುಕೊಂಡು ಖರೀದಿಸುವ ಕರಾರುಗಳ ಸಾಲಿಗೆ ಸೇರಿದವು. ಇದನ್ನು ಸರಿಪಡಿಸಲು ಬ್ಯಾಂಕ್ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾಯಿತು. ಅದು ಪದಸಂಸ್ಕಾರಕದ ಕಡತವಲ್ಲದಿದ್ದರೂ ಪಾಠ ಅದೇ: ವರ್ಡ್‌ನಲ್ಲಿಯೂ 'ಹಿಡನ್' ಎಂಬ ಅಕ್ಷರಗುಣವಿದೆ. ಅದನ್ನು ಗಮನಿಸದ ಆಮದು ಸಾಧನಕ್ಕೆ ಅಡಗಿಸಿದ ಸಾಲು ಮತ್ತು ಸಾಮಾನ್ಯ ಸಾಲಿನ ನಡುವೆ ವ್ಯತ್ಯಾಸವಿಲ್ಲ.

ವಿವರಗಳ ಹೊರತೆಗೆಯುವಿಕೆ

ಪಠ್ಯ ಒಳಬಂದ ಮೇಲೆ ಪಕ್ಷಕಾರರು, ಜಾರಿಯ ದಿನಾಂಕ, ಮುಕ್ತಾಯದ ದಿನಾಂಕ, ನವೀಕರಣದ ಸೂಚನಾ ಅವಧಿ, ಮೊತ್ತ, ಅನ್ವಯವಾಗುವ ಕಾನೂನು ಮೊದಲಾದವನ್ನು ಗುರುತಿಸಲಾಗುತ್ತದೆ. ಹಿಂದೆ ನಿಯಮಾಧಾರಿತ ಹುಡುಕಾಟದಿಂದ ನಡೆಯುತ್ತಿದ್ದ ಈ ಕೆಲಸಕ್ಕೆ ಈಗ ಯಂತ್ರಕಲಿಕೆಯನ್ನು ಬಳಸುತ್ತಾರೆ. 2021ರಲ್ಲಿ ಪ್ರಕಟವಾದ ಸಿಯುಎಡಿ ಎಂಬ ಮುಕ್ತ ದತ್ತಾಂಶದಲ್ಲಿ 510 ಕರಾರುಗಳಿಗೆ ತಜ್ಞರು 41 ಬಗೆಯ ಕಲಂ ಗುರುತುಗಳನ್ನು ಹಾಕಿದ್ದಾರೆ. ಅದು ಇಂಗ್ಲಿಷ್ ಕರಾರುಗಳಿಗೆ ಸೀಮಿತವಾಗಿದೆ.

ಭಾರತದ ಕರಾರುಗಳಲ್ಲಿ ದಿನಾಂಕ ಮತ್ತು ಮೊತ್ತಗಳೇ ಹೆಚ್ಚಾಗಿ ಎಡವುವ ಸ್ಥಳಗಳು. 03/04/2021 ಎಂಬುದು ಇಲ್ಲಿ ಏಪ್ರಿಲ್ 3, ಅಮೆರಿಕದ ರೂಢಿಯಲ್ಲಿ ಮಾರ್ಚ್ 4. ಲಕ್ಷ, ಕೋಟಿಗಳ ಎಣಿಕೆಯಂತೆ ಅಲ್ಪವಿರಾಮ ಹಾಕಿದ 10,00,000 ಎಂಬ ಸಂಖ್ಯೆಯನ್ನು ಮೂರಂಕಿಗಳ ಗುಂಪನ್ನೇ ನಿರೀಕ್ಷಿಸುವ ಕ್ರಮವಿಧಿ ತಿರಸ್ಕರಿಸಬಹುದು. ಸೂಚನಾ ಅವಧಿಯ ದಿನಾಂಕ ಒಂದು ತಿಂಗಳು ತಪ್ಪಾದರೆ ಬೇಡವಾದ ಕರಾರು ತಾನಾಗಿಯೇ ಇನ್ನೊಂದು ಅವಧಿಗೆ ಮುಂದುವರಿಯುತ್ತದೆ.

ಕನ್ನಡ ದಸ್ತಾವೇಜುಗಳು

ಕರ್ನಾಟಕದಲ್ಲಿ ಬಾಡಿಗೆ ಕರಾರು, ಕ್ರಯದ ಕರಾರು, ಸರ್ಕಾರಿ ಕಚೇರಿಗಳ ಗುತ್ತಿಗೆ ಒಪ್ಪಂದ ಮುಂತಾದವನ್ನು ಕನ್ನಡದಲ್ಲಿ ಬರೆಯುವುದು ವಾಡಿಕೆ. ಇವುಗಳ ಹಳೆಯ ಕಡತಗಳಲ್ಲಿ ಬಹಳಷ್ಟು ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿವೆ. ಅಂತಹ ಕಡತದಲ್ಲಿ ಸಂಗ್ರಹವಾಗಿರುವುದು ಕನ್ನಡ ಅಕ್ಷರಗಳಲ್ಲ. ಲ್ಯಾಟಿನ್ ಲಿಪಿಯ ಸಂಕೇತಗಳು. ಫಾಂಟ್ ಆ ಸಂಕೇತಗಳಿಗೆ ಕನ್ನಡದ ಆಕಾರವನ್ನು ತೊಡಿಸಿರುತ್ತದೆ. ನುಡಿಯಲ್ಲಿ 'ಕನ್ನಡ' ಎಂಬ ಪದವು ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದಿಂದ ಆರಂಭವಾಗುತ್ತದೆ. ಅದರ 'ನ'ಕಾರದ ಸ್ಥಾನದಲ್ಲಿ ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆ ಇರುತ್ತದೆ. ಹಣದ ಮೊತ್ತವನ್ನು ಹುಡುಕುವ ಕ್ರಮವಿಧಿಗೆ ಇಂತಹ ಕರಾರಿನ ಪುಟಪುಟವೂ ಪೌಂಡ್‌ಗಳಿಂದ ತುಂಬಿರುವಂತೆ ತೋರುವುದು ಸಹಜ.

ಇಲ್ಲಿ ಮುಖ್ಯವಾದ ಸಂಗತಿಯೆಂದರೆ, ಯಾವ ತುಣುಕು ಕನ್ನಡ, ಯಾವುದು ಇಂಗ್ಲಿಷ್ ಎಂಬುದಕ್ಕೆ ಕಡತದಲ್ಲಿರುವ ನಂಬಲರ್ಹ ಸಾಕ್ಷ್ಯ ಫಾಂಟಿನ ಹೆಸರು. ಕನ್ನಡ ವಾಕ್ಯದ ನಡುವೆ ಕಂಪನಿಯ ಹೆಸರು ಟೈಮ್ಸ್ ನ್ಯೂ ರೋಮನ್ ಫಾಂಟಿನಲ್ಲಿದ್ದರೆ ಅದೇ ಸಂಕೇತಗಳು ಅಲ್ಲಿ ನಿಜವಾದ ಇಂಗ್ಲಿಷ್ ಅಕ್ಷರಗಳು. ಆಮದಿನ ಮೊದಲ ಹೆಜ್ಜೆಯಲ್ಲಿಯೇ ಫಾಂಟಿನ ವಿವರವನ್ನು ಕಳಚಿ ಬರಿಯ ಪಠ್ಯವನ್ನು ಇಟ್ಟುಕೊಂಡರೆ ಈ ಸಾಕ್ಷ್ಯ ನಾಶವಾಗುತ್ತದೆ. ನಂತರ ಪರಿವರ್ತಕವನ್ನು ಓಡಿಸಿದಾಗ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಆದ್ದರಿಂದ ಯೂನಿಕೋಡ್ ಪರಿವರ್ತನೆಯನ್ನು ತುಣುಕು ತುಣುಕಾಗಿ, ಫಾಂಟ್ ನೋಡಿಕೊಂಡು, ಆಮದಿಗೆ ಮೊದಲೇ ಮಾಡಬೇಕಾಗುತ್ತದೆ.

ಪರಿವರ್ತನೆಯಲ್ಲಿ ಅರ್ಕಾವತ್ತು ಪರಿಚಿತ ತೊಂದರೆ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತಿನ ಸಂಕೇತ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರವು ಮೊದಲು ಬರಬೇಕು. ಸ್ಥಾನ ಬದಲಿಸದ ಪರಿವರ್ತಕವು 'ವರ್ಷ'ವನ್ನು 'ವಷರ್' ಎಂದೂ 'ಕಾರ್ಯ'ವನ್ನು 'ಕಾಯರ್' ಎಂದೂ ಕೊಡುತ್ತದೆ. ಓದುಗರು ಇದನ್ನು ಊಹಿಸಿಕೊಂಡು ಓದಬಲ್ಲರು, ಆದರೆ ಅವಧಿಯನ್ನು ಹುಡುಕುವ ತಂತ್ರಾಂಶಕ್ಕೆ 'ಐದು ವಷರ್' ಎಂಬುದು ಐದು ವರ್ಷವಲ್ಲ.

ಯೂನಿಕೋಡ್‌ನಲ್ಲಿಯೇ ಬರೆದ ಕಡತಗಳಿಗೂ ಕೆಲವು ತೊಡಕುಗಳಿವೆ. ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಸಾಮಾನ್ಯೀಕರಣ ಮಾಡದಿದ್ದರೆ ಹುಡುಕಾಟದಲ್ಲಿ ಹೊಂದುವುದಿಲ್ಲ. ಹೋಲಿಕೆಯ ಸಮಯದಲ್ಲಿ ಯಾರೂ ಮುಟ್ಟದ ಪದವೊಂದು ಬದಲಾಗಿರುವಂತೆ ಕೆಂಪಾಗಿ ತೋರುವುದು ಇದರಿಂದಲೇ. 'ಸಾಫ್ಟ್‌ವೇರ್' ಮುಂತಾದ ಪದಗಳ ನಡುವೆ ಬರುವ ಅಗೋಚರ ವಿಭಜಕ ಚಿಹ್ನೆಯೂ ಇಂತಹುದೇ. ಕನ್ನಡ ಅಂಕಿಗಳಲ್ಲಿ ಬರೆದ ಕಲಂ ಸಂಖ್ಯೆಗಳ ವಿಷಯದಲ್ಲಿ ಫಲಿತಾಂಶವು ತಂತ್ರಾಂಶವನ್ನು ಬರೆದ ಭಾಷೆಯನ್ನು ಅವಲಂಬಿಸಿದೆ: ಅಂಕಿಯನ್ನು ಗುರುತಿಸುವ ಒಂದೇ ಮಾದರಿಯು ಪೈಥಾನ್ 3ರಲ್ಲಿ '೭' ಎಂಬುದನ್ನು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಒಪ್ಪುವುದಿಲ್ಲ. 'ಕಲಂ', 'ಷರತ್ತು', 'ಪರಿಚ್ಛೇದ' ಎಂಬ ಶೀರ್ಷಿಕೆಗಳನ್ನು ಇಂಗ್ಲಿಷ್ ಕರಾರಿಗಾಗಿ ರೂಪಿಸಿದ ನಿಯಮಗಳು ಗುರುತಿಸುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಸೇರಿಸಬೇಕು.

ದ್ವಿಭಾಷಾ ಕರಾರುಗಳನ್ನು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಇರುವ ಕೋಷ್ಟಕವಾಗಿ ಬರೆಯುವ ಪದ್ಧತಿಯೂ ಇದೆ. ಕೋಷ್ಟಕದ ರಚನೆ ಕಳೆದುಹೋದರೆ ಎರಡು ಭಾಷೆಗಳ ಕಲಂಗಳು ಒಂದರೊಳಗೊಂದು ಬೆರೆಯುತ್ತವೆ. ಭಿನ್ನಾಭಿಪ್ರಾಯ ಬಂದಾಗ ಯಾವ ಭಾಷೆಯ ಪಠ್ಯ ಅಂತಿಮ ಎಂಬ ಷರತ್ತು ಇದ್ದಾಗಲಂತೂ ಇದು ಸಣ್ಣ ದೋಷವಲ್ಲ.

ಭಾರತದಲ್ಲಿ ಕಾನೂನಿನ ಸ್ಥಿತಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ನೀಡುತ್ತದೆ. 2008ರ ತಿದ್ದುಪಡಿಯಿಂದ ಸೇರಿದ 10ಎ ಕಲಂ, ವಿದ್ಯುನ್ಮಾನ ವಿಧಾನದಲ್ಲಿ ಏರ್ಪಟ್ಟಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎನ್ನುತ್ತದೆ. ಆಮದಿಗೆ ನೇರವಾಗಿ ಸಂಬಂಧಿಸುವುದು 7ನೇ ಕಲಂ. ಅದರ ಪ್ರಕಾರ ಉಳಿಸಿಕೊಳ್ಳಬೇಕಾದ ದಾಖಲೆಯು ಮೊದಲು ಸೃಷ್ಟಿಯಾದ, ಕಳುಹಿಸಿದ ಅಥವಾ ಪಡೆದ ಸ್ವರೂಪದಲ್ಲಿಯೇ ಇರಬೇಕು, ಅಥವಾ ಮೂಲ ಮಾಹಿತಿಯನ್ನು ನಿಖರವಾಗಿ ಪ್ರತಿನಿಧಿಸುತ್ತದೆ ಎಂದು ತೋರಿಸಬಹುದಾದ ಸ್ವರೂಪದಲ್ಲಿರಬೇಕು. ಕಲಂಗಳಾಗಿ ಬಿಡಿಸಿ ದತ್ತಸಂಚಯದಲ್ಲಿಟ್ಟ ಪಠ್ಯವು ಎರಡನೆಯ ಬಗೆಗೆ ಸೇರುತ್ತದೆ. ನಿಖರತೆಯನ್ನು ತೋರಿಸುವ ಹೊಣೆ ಅದನ್ನು ಇಟ್ಟುಕೊಂಡವರ ಮೇಲೆ ಬೀಳುತ್ತದೆ. ಮೂಲ ಕಡತವನ್ನು ಬದಲಿಸದೆ ಜೊತೆಗೆ ಉಳಿಸಿಕೊಳ್ಳುವುದರಿಂದ ಈ ಹೊಣೆ ಹಗುರವಾಗುತ್ತದೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಸಲ್ಲಿಸಲು ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ನಮೂನೆಯಲ್ಲಿ ದಾಖಲೆಯ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕು. ವರ್ಡ್ ಕಡತವನ್ನು ತೆರೆದು ಮತ್ತೆ ಉಳಿಸಿದರೂ ಹ್ಯಾಷ್ ಬದಲಾಗುವುದರಿಂದ, ಆಮದಿನ ಕ್ಷಣದಲ್ಲಿಯೇ ಮೂಲ ಕಡತದ ಹ್ಯಾಷ್ ಅನ್ನು ದಾಖಲಿಸಿಡುವುದು ಉಪಯುಕ್ತ.

ಹಳೆಯ ಕರಾರುಗಳನ್ನು ಒಟ್ಟಾಗಿ ತರುವಾಗ ಸಾಮಾನ್ಯವಾಗಿ ಆಗುವ ಒಂದು ತಪ್ಪೆಂದರೆ ವರ್ಡ್ ಕಡತವನ್ನೇ ಜಾರಿಯಲ್ಲಿರುವ ಕರಾರೆಂದು ದಾಖಲಿಸುವುದು. ಸಹಿಯಾದುದು ಮುದ್ರಿತ ಪ್ರತಿ. ಸಹಿಯ ದಿನ ಪೆನ್ನಿನಿಂದ ಮಾಡಿದ ತಿದ್ದುಪಡಿ, ತುಂಬಿದ ದಿನಾಂಕ, ಛಾಪಾ ಕಾಗದದ ವಿವರ ವರ್ಡ್ ಕಡತದಲ್ಲಿ ಇರುವುದಿಲ್ಲ. ಹೆಸರಿನಲ್ಲಿ 'ಅಂತಿಮ' ಎಂದಿರುವ ಕಡತದ ಪಕ್ಕದಲ್ಲಿಯೇ 'ಅಂತಿಮ-2' ಇರುವುದೂ ಅಪರೂಪವಲ್ಲ. ವರ್ಡ್ ಪಠ್ಯವನ್ನು ಹುಡುಕಾಟಕ್ಕೂ ಸಹಿಯಾದ ಪ್ರತಿಯ ಸ್ಕ್ಯಾನ್ ಅನ್ನು ಅಧಿಕೃತ ದಾಖಲೆಯಾಗಿಯೂ ಜೋಡಿಸಿಡುವುದು, ಎರಡರ ಪಠ್ಯವನ್ನು ಹೋಲಿಸಿ ವ್ಯತ್ಯಾಸವನ್ನು ನಮೂದಿಸುವುದು ಇದಕ್ಕೆ ಪರಿಹಾರ.

ಸುರಕ್ಷತೆ

ಎದುರು ಪಕ್ಷದಿಂದ ಬರುವ ಕಡತವು ಹೊರಗಿನವರ ಕಡತ. ಮ್ಯಾಕ್ರೋ ಇಲ್ಲದ ಡಾಕ್ಸ್ ಸುರಕ್ಷಿತವೆಂಬ ನಂಬಿಕೆಯನ್ನು 2022ರಲ್ಲಿ ಬೆಳಕಿಗೆ ಬಂದ 'ಫೋಲಿನಾ' ದೋಷವು ಅಲುಗಿಸಿತು. ಅದರಲ್ಲಿ ದಸ್ತಾವೇಜು ದೂರದ ತಾಣವೊಂದರಿಂದ ಪುಟವನ್ನು ತರಿಸಿಕೊಂಡು ವಿಂಡೋಸ್‌ನ ದೋಷಪರಿಹಾರ ಸಾಧನದ ಮೂಲಕ ಆಜ್ಞೆಗಳನ್ನು ಚಲಾಯಿಸಬಲ್ಲದಾಗಿತ್ತು. ಆಮದು ಮಾಡುವ ಸರ್ವರ್‌ಗಳಿಗೆ ಅತಿಯಾಗಿ ಹಿಗ್ಗುವ ಜಿಪ್ ಗಂಟುಗಳು ಮತ್ತು ಎಕ್ಸ್‌ಎಂಎಲ್‌ನ ಬಾಹ್ಯ ಉಲ್ಲೇಖಗಳು ಪ್ರತ್ಯೇಕ ಅಪಾಯಗಳು. ಕಡತವನ್ನು ಬಿಡಿಸುವ ಕೆಲಸವನ್ನು ಜಾಲಸಂಪರ್ಕವಿಲ್ಲದ ಪ್ರತ್ಯೇಕ ಪರಿಸರದಲ್ಲಿ ನಡೆಸಿ, ಹೊರಗಿನ ಉಲ್ಲೇಖಗಳನ್ನು ತೆಗೆದ ನಂತರವೇ ಪಠ್ಯವನ್ನು ದತ್ತಸಂಚಯಕ್ಕೆ ಕಳುಹಿಸಲಾಗುತ್ತದೆ.